ದೊಡ್ಡ ಪಾದ್ರಿಯ ನಿಶಾನಿಯಲ್ಲಿ ನಾಟಿ ಕೋಳಿ

ಶಿರಾ ಪೇಟೆಯ ಹಬೀಬ್ ಸಾಬರ ಅಂಗಡಿಗೆ ಬಾರದ ದೇವರಿರಲಿಲ್ಲ. ದರ್ಗಾದ ಗೋರಿಗೆ ಹೊದಿಸುವ ಚಾದರ, ಗೊರವನಹಳ್ಳಿ ಲಕ್ಷ್ಮಿಗೆ ಜರಿಯಂಚಿನ ತೆರೆ, ನಿಡುಗಲ್ ಕಡೆಯ ಗುಡಿಗಳಿಗೆ ಬಣ್ಣದ ಸತ್ತಿಗೆ, ಮೊಹರಂಗೆ ಹಸಿರು ನಿಶಾನಿ ಬಾವುಟ, ಎಲ್ಲಕ್ಕೂ ಅದೇ ಒಂದು ಗಜಕಡ್ಡಿ. "ದೇವರುಗಳಷ್ಟು ಒಳ್ಳೆ ಗಿರಾಕಿ ಇಲ್ಲ ಕಣ್ರೀ," ಅನ್ನುತ್ತಿದ್ದರು ಸಾಬರು. "ಬಿಗಿಯಾಯ್ತು, ಬಣ್ಣ ಬುಡ್ತು ಅಂತ ಒಬ್ಬರೂ ವಾಪಸ್ ತಂದಿಲ್ಲ. ಚೌಕಾಸಿಗೆ ನಿಲ್ಲೋರು ಪೂಜಾರಿಗಳು, ಮುಜಾವರರು. ದೇವರು ಪಾಪ, ಯಾವತ್ತೂ ಬಾಯಿ ಬುಟ್ಟಿಲ್ಲ."

ಇಷ್ಟು ಮಾತಾಡುವ ಸಾಬರಿಗೆ ಸೂಜಿಗೆ ದಾರ ಪೋಣಿಸಲು ಬರುತ್ತಿರಲಿಲ್ಲ. ಅಂಗಿಯಿಂದ ಉದುರಿದ ಗುಂಡಿಯನ್ನು ಜೇಬಿನಲ್ಲಿಟ್ಟುಕೊಂಡು ವಾರಗಟ್ಟಲೆ ಓಡಾಡುವ ಆಸಾಮಿ. ಗಿರಾಕಿಯ ಮುಂದೆ ಮಾತ್ರ ಜರಿಯ ಮೇಲೆ ಬೆರಳಾಡಿಸಿ, "ನೋಡಿ, ನಮ್ಮ ಕೈಕೆಲಸ" ಅನ್ನುವರು. ಆ 'ನಮ್ಮ' ಎಂಬುದರಲ್ಲಿ ಬಾಯಿ ಸಾಬರದು, ಕೈ ಅವರ ಅಕ್ಕ ಅಮೀರ್ ಬಿಯದು. ತಾಯಿ ತೀರಿಕೊಂಡಾಗ ಹಬೀಬ ಅಂಬೆಗಾಲಿನ ಕೂಸು. ಎತ್ತಿ ಸಾಕಿದವರು ಈ ಅಕ್ಕ. ಅವರು ಮದುವೆಯಾಗಿ ಹೋದರು, ಗಂಡ ತೀರಿಕೊಂಡ ಮೇಲೆ ಮಗಳನ್ನು ಸೊಂಟದ ಮೇಲಿಟ್ಟುಕೊಂಡು ತಮ್ಮನ ಮನೆಗೇ ಬಂದರು. ಅಂಗಡಿಯ ಹಿಂದಿನ ಕೋಣೆಯಲ್ಲಿ ಒಂದು ಗವಾಕ್ಷಿ. ಅದರ ಬೆಳಕಿಗೆ ಮರದ ಚೌಕಟ್ಟು ಒಡ್ಡಿ, ಬಟ್ಟೆ ಬಿಗಿದು, ಅಂದಿನಿಂದ ಸಕಲ ದೇವರಿಗೂ ಕಸೂತಿ ಹಾಕುತ್ತಿದ್ದರು. ಮುಂದೆ ಗಾದಿಯ ಮೇಲೆ ತಮ್ಮ, ಹಿಂದೆ ಚಾಪೆಯ ಮೇಲೆ ಅಕ್ಕ, ನಡುವೆ ಒಂದು ಪರದೆ.

ಸಾಬರಿಗೆ ಇನ್ನೊಂದು ಗುಣವಿತ್ತು. ಎದುರಿನವರ ಮಾತು ಅರ್ಧಕ್ಕೆ ಬರುವಷ್ಟರಲ್ಲಿ "ಗೊತ್ತಾಯ್ತು ಬುಡಿ" ಅಂದುಬಿಡುವುದು. ವ್ಯಾಪಾರಸ್ಥರ ಜಾತಿಗೇ ಅಂಟಿದ ಗುಣ ಇದು. ಮಾರುವವನಿಗೆ ಗೊತ್ತಿಲ್ಲದ್ದೂ ಒಂದಿದೆ ಅಂತ ಕೊಳ್ಳುವವನಿಗೆ ಸುಳಿವು ಸಿಕ್ಕರೆ ಅಂಗಡಿ ಉಳಿಯುತ್ತದೆಯೇ? ಮುಪ್ಪಿನಲ್ಲಿ ಸಾಬರೇ ಹೇಳಿಕೊಂಡು ನಗುತ್ತಿದ್ದರು: "ಮದರಸಾದಲ್ಲಿ ನಾನು ಎರಡನೇ ಪಾಠಕ್ಕೆ ಹೋಗಲೇ ಇಲ್ಲ. ಮೊದಲನೇದು ಮುಗಿಯೋಕೆ ಮುಂಚೆನೇ ಎಲ್ಲಾ ಗೊತ್ತಾಗೋಗಿತ್ತು."

ಆ ಗುಣ ಅವರನ್ನು ಎತ್ತರಕ್ಕೆ ಹತ್ತಿಸಿ ಕೆಡವಿದ್ದು ಅರವತ್ತನಾಲ್ಕನೇ ಇಸವಿಯಲ್ಲಿ, ಮಧುಗಿರಿಯ ಪಾದ್ರಿಯ ಕೆಲಸ ಬಂದಾಗ.

ಮಧುಗಿರಿ ಊರಾಚೆ ಹೆಂಚಿನ ಒಂದು ಚಿಕ್ಕ ಪ್ರಾರ್ಥನಾ ಮಂದಿರ, ಪಕ್ಕದಲ್ಲೇ ಔಷಧಿ ಕೊಡುವ ಕೊಠಡಿ. ಎರಡಕ್ಕೂ ಒಬ್ಬರೇ ಯಜಮಾನ, ಫಾದರ್ ಲ್ಯಾಂಬರ್ಟ್ ಎಂಬ ಬಿಳಿಯ ಮುದುಕ. ವಯಸ್ಸಿನ ಕಾಲವನ್ನೆಲ್ಲ ಆಫ್ರಿಕಾದಲ್ಲಿ, ಈಗ ಘಾನಾ ಅನ್ನುವ ದೇಶದಲ್ಲಿ ಕಳೆದು ಕೊನೆಗಾಲಕ್ಕೆ ಈ ಬಂಡೆಗಳ ನಡುವೆ ಬಂದವರು. ಅವರ ಕನ್ನಡ ಅರ್ಧ ಬೈಬಲಿನದು, ಅರ್ಧ ಅಡಿಗೆ ಮಾಡುವ ಗಂಗಯ್ಯನದು. "ಪ್ರಿಯ ಸಾಬರೇ, ಕರ್ತನ ಕೃಪೆ ನಿಮ್ಮ ಮೇಲಿರಲಿ, ಎಲ್ಲೋಗಿದ್ರಿ ಇಷ್ಟೊತ್ತು?" ಎಂದು ಸ್ವಾಗತಿಸಿದರು.

ವಿಷಯ ಇಷ್ಟು. ಘಾನಾದಲ್ಲಿ ಅಕಾನ್ ಎಂಬ ಜನ. ಆ ಜನರಲ್ಲಿ ಫಾದರ್ ಅಕ್ಷರ ಕಲಿಸಿದ ಒಬ್ಬರು ಈಗ ಬಿಷಪ್ ಆಗಿದ್ದಾರೆ, ಅಂದರೆ ದೊಡ್ಡ ಪಾದ್ರಿ. ಬೊಂಬಾಯಿಯಲ್ಲಿ ಅವರ ಮತದ ಭಾರಿ ಸಮ್ಮೇಳನ ನಡೆಯಲಿದೆ, ಅದಕ್ಕೆ ಬರುವ ಬಿಷಪ್ ತಮ್ಮ ಗುರುವನ್ನು ನೋಡಲು ಮಧುಗಿರಿಗೂ ಬರುತ್ತಾರೆ. ಬಾಗಿಲಲ್ಲಿ ತೂಗಿಹಾಕಲು ಅವರ ಲಾಂಛನವುಳ್ಳ ಒಂದು ನಿಶಾನಿ ಬೇಕು.

ಫಾದರ್ ಕಾಗದವನ್ನು ಮೇಜಿನ ಮೇಲೆ ಹರಡಿದರು. ತಾವೇ ಬರೆದ ಚಿತ್ರ. ಮೇಲೆ ಹಸಿರು ಟೋಪಿ, ಎರಡೂ ಕಡೆ ಇಳಿಬಿದ್ದ ಗೊಂಡೆಗಳು. ಕೆಳಗೆ ಗುರಾಣಿಯ ಆಕಾರ. ಅದರೊಳಗೆ ಒಂದು ಮಣೆ, ಒಂದು ಹಕ್ಕಿ.

"ಬಿಷಪ್ ಆದವರು ತಮ್ಮ ಲಾಂಛನ ತಾವೇ ಆರಿಸಿಕೊಳ್ತಾರೆ ಸಾಬರೇ. ನಾನು ಯಾರು, ಯಾವ ಜನದವನು, ಏನು ನಂಬ್ತೀನಿ ಅಂತ ಅದೇ ಹೇಳಬೇಕು."

"ನಮ್ಮ ನವಾಬರ ಮೊಹರು ಇದ್ದಂಗೆ."

"ಹೂಂ, ಹಂಗೇ. ಈ ಟೋಪಿ, ಗೊಂಡೆ ಎಲ್ಲಾ ಬಿಷಪ್ಪರಿಗೂ ಉಂಟು. ಆದರೆ ಈ ಮಣೆ ಅಕಾನ್ ಜನರದು. ಅವರಲ್ಲಿ ಮನುಷ್ಯನ ಜೀವ ಅವನು ಕೂರೋ ಮಣೆಯಲ್ಲಿ ನೆಲೆಸಿರುತ್ತೆ ಅಂತ ನಂಬಿಕೆ. ಎದ್ದು ಹೋಗುವಾಗ ಮಣೆಯನ್ನ ಮಗ್ಗುಲಿಗೆ ಒರಗಿಸಿ ಹೋಗ್ತಾರೆ, ಖಾಲಿ ಇದೆ ಅಂತ ಬೇರೆ ಯಾವುದೋ ಬಂದು ಕೂತುಬಿಡಬಾರದು ನೋಡಿ. ಅರಸನ ಮಣೆ ಅಂದರೆ ಇಡೀ ಜನಾಂಗದ ಜೀವ. ಅದನ್ನ ಕಾಯೋನೇ ಅರಸ. ನಾನೂ ನನ್ನ ಜನರ ಮಣೆ ಕಾಯೋನು ಅಂತ ಈ ಬಿಷಪ್ ಹೇಳ್ತಾ ಇದ್ದಾರೆ."

ಇದು ಸಾಬರಿಗೆ ನಿಜಕ್ಕೂ ಅರ್ಥವಾಯಿತು. ಗಾದಿಯ ಮೇಲೆ ಹುಟ್ಟಿ ಬೆಳೆದವನಿಗೆ ಕೂರುವ ಜಾಗದ ಬೆಲೆ ಹೇಳಿಕೊಡಬೇಕೆ? ದರ್ಗಾದಲ್ಲಿ ಪೀರರ ಗದ್ದುಗೆ ಖಾಲಿಯೇ ಇರುತ್ತದೆ, ಅದಕ್ಕೇ ಎಲ್ಲರೂ ಬಗ್ಗುವುದು. ಒಂದು ಅರ್ಥವಾದ ಖುಷಿಯಲ್ಲಿ ಸಾಬರು ಮಿಕ್ಕಿದ್ದೂ ಅರ್ಥವಾಯಿತು ಅಂದುಕೊಂಡರು. ಎಷ್ಟೋ ವ್ಯಾಪಾರ ಮುಳುಗುವುದು ಈ ಹಂತದಲ್ಲೇ.

"ಇನ್ನು ಈ ಹಕ್ಕಿ," ಎಂದು ಫಾದರ್ ಬೆರಳಿಟ್ಟರು. "ಇದು ಬಹಳ ಮುಖ್ಯ..."

"ಗೊತ್ತಾಯ್ತು ಬುಡಿ ಸ್ವಾಮಿ."

ಆ ಹೊತ್ತಿಗೆ ಚೇಳು ಕಚ್ಚಿಸಿಕೊಂಡ ಒಬ್ಬ ಹೆಂಗಸನ್ನು ಎತ್ತಿಕೊಂಡು ಬಂದರು. ಫಾದರ್ ಎದ್ದು ಓಡಿದರು. ಸಾಬರು ಕಾಗದ ಮಡಿಚಿ ಬಸ್ಸು ಹಿಡಿದರು.

ಕಾಗದದ ಮೇಲೆ ಹೆಬ್ಬೆಟ್ಟಿನಷ್ಟಿದ್ದ ಹಕ್ಕಿ ಅಮೀರ್ ಬಿಯ ಕೈಯಲ್ಲಿ ಸ್ಯಾಟಿನ್ ಬಟ್ಟೆಯ ಮೇಲೆ ಕೋಳಿಯಷ್ಟಾಯಿತು. ಟೋಪಿ, ಗೊಂಡೆ, ಮಣೆ ಎಲ್ಲ ಮುಗಿದಿತ್ತು. ಸಾಬರು ಪರದೆ ಸರಿಸಿ ನೋಡಿದರು, ನೋಡಿದವರು ಅಲ್ಲೇ ನಿಂತರು. ಹಕ್ಕಿಯ ಕಾಲು ಮುಂದಕ್ಕಿದೆ. ಕತ್ತು ಮಾತ್ರ ಪೂರಾ ಹಿಂದಕ್ಕೆ ತಿರುಚಿ ಬೆನ್ನಿಗೆ ಹತ್ತಿದೆ. ಬೆನ್ನ ಮೇಲೆ ಒಂದು ಮೊಟ್ಟೆ.

ಆ ವಾರ ಪೇಟೆಬೀದಿಯ ಕೋಳಿಗಳಿಗೆಲ್ಲ ಕೊಕ್ಕರೆ ರೋಗ. ಸಾಬರ ಹೆಂಡತಿ ರಹಮತ್ ಬಿ ಸಾಕಿದ ಕೋಳಿಗಳು ಒಂದಾದ ಮೇಲೊಂದು ಕತ್ತು ತಿರುಚಿಕೊಂಡು, ಬೆನ್ನು ನೋಡುತ್ತ ಸುತ್ತಿ ಸುತ್ತಿ ಬಿದ್ದು ಸತ್ತಿದ್ದವು. ಅಂದು ಬೆಳಿಗ್ಗೆ ತಾನೇ ಹುಂಜವನ್ನು ಹೂತು ಬಂದಿದ್ದ ಸಾಬರಿಗೆ ಈಗ ಬಟ್ಟೆಯ ಮೇಲೆ ಅದೇ ಹುಂಜ ಎದ್ದು ನಿಂತಂತೆ ಕಂಡಿತು.

"ಆಪಾ, ಇದು ಕಾಯಿಲೆ ಕೋಳಿ!"

ಅವರ ಮನೆಮಾತು ಉರ್ದು, ಅಕ್ಕ ಅಂದರೆ ಆಪಾ. ಆದರೆ ಜಗಳಕ್ಕೆ ಶಿರಾದ ಕನ್ನಡದಷ್ಟು ಹರಿತ ಇನ್ನೊಂದಿಲ್ಲವೆಂದು ಅಕ್ಕತಮ್ಮಂದಿರು ಎಂದೋ ಒಪ್ಪಿಕೊಂಡಿದ್ದರು.

"ಬರೆದು ಕೊಟ್ಟಿರೋದು ಹಂಗೇ ಐತೆ," ಅಂದರು ಅಮೀರ್ ಬಿ, ತಲೆಯೆತ್ತದೆ.

"ಮುದುಕಪ್ಪ, ಕಣ್ಣು ಸರಿಯಾಗಿ ಕಾಣಲ್ಲ, ಕೈ ನಡುಗುತ್ತೆ. ಕತ್ತು ಆಕಡೆ ಹೋಗ್ಬುಟ್ಟೈತೆ. ಮೊಟ್ಟೆ ನೋಡು, ಬೆನ್ನ ಮೇಲೈತೆ. ಯಾವ ಕೋಳಿ ಬೆನ್ನ ಮೇಲೆ ಮೊಟ್ಟೆ ಇಕ್ತದೆ? ಬಿಚ್ಚು. ಕತ್ತು ನೆಟ್ಟಗೆ ಮುಂದಕ್ಕೆ ಮಾಡು. ಮೊಟ್ಟೆ ಕೆಳಗಿಡು. ತಲೆ ಮೇಲೆ ಒಂದು ಕೆಂಪು ಜುಟ್ಟು ಹಾಕು, ಲಕ್ಷಣವಾಗಿರುತ್ತೆ."

"ಸ್ಯಾಟಿನ್ ಕಣೋ ಇದು. ಬಿಚ್ಚಿದ್ರೆ ಸೂಜಿ ತೂತು ಮುಚ್ಚಲ್ಲ. ಮೊದ್ಲು ಹೋಗಿ ಅವರನ್ನ ಕೇಳ್ಕೊಂಡು ಬಾ."

"ಕೇಳೋದೇನೈತೆ? ಅಷ್ಟು ದೊಡ್ಡ ಗುರುಗಳ ನಿಶಾನಿ ಮೇಲೆ ಕಾಯಿಲೆ ಕೋಳಿ ತೂಗಾಕಿದ್ರೆ ನಮ್ಮ ಅಂಗಡಿ ಮರ್ಯಾದೆ ಏನಾಗ್ಬೇಕು?"

"ಹಬೀಬ್, ಕೇಳ್ಕೊಂಡು ಬಾ ಅಂದೆ."

ಆಗ ಸಾಬರು ಆ ಮಾತಾಡಿದರು. ಆಡಬೇಕೆಂದು ಆಡಿದ್ದಲ್ಲ, ಗಾದಿಯ ಮೇಲೆ ಕೂತು ಕೂತು ನಾಲಿಗೆಗೆ ಬಂದ ಕೊಬ್ಬು. "ಆಪಾ, ನೀನು ಹೊಲಿ. ಯೋಚನೆ ನಾನು ಮಾಡ್ತೀನಿ."

ಅಮೀರ್ ಬಿ ಸೂಜಿಯನ್ನು ಬಟ್ಟೆಗೆ ಚುಚ್ಚಿ ತಮ್ಮನ ಮುಖವನ್ನೇ ನೋಡಿದರು. ಕತ್ತರಿ ತೆಗೆದುಕೊಂಡು ಬಿಚ್ಚಲು ಕೂತರು. ಮೂರನೆಯ ದಿನ ಬಟ್ಟೆಯ ಮೇಲೆ ಎಂಥ ಕೋಳಿ ಎದ್ದಿತು ಅಂತೀರಿ! ಎದೆಯುಬ್ಬಿಸಿ, ಜುಟ್ಟು ನಿಮಿರಿಸಿ, ಕಾಲ ಕೆಳಗೆ ಮೊಟ್ಟೆ ಇಟ್ಟುಕೊಂಡು, ಈಗಲೋ ಆಗಲೋ ಕೊಕ್ಕೋ ಅನ್ನುವ ಹಾಗೆ. ಚೌಕಟ್ಟಿನಿಂದ ಬಟ್ಟೆ ಇಳಿಸಿ ಮಡಿಚಿಟ್ಟ ಅಮೀರ್ ಬಿ ತಮ್ಮ ಟ್ರಂಕಿಗೆ ಬಟ್ಟೆ ತುಂಬಿದರು.

"ಎಲ್ಲಿಗೆ ಆಪಾ?"

"ಪಾವಗಡಕ್ಕೆ. ಮಗಳ ಮನೇಲಿರ್ತೀನಿ. ಯೋಚನೆ ನಿನ್ನ ಹತ್ರ ಐತಲ್ಲ, ಒಂದು ಸೂಜಿ ತಗೋ, ಸಾಕು."

"ನಾಕು ದಿನ ಇದ್ದು ಬರ್ತಾಳೆ," ಎಂದು ಸಾಬರು ಹೆಂಡತಿಗೆ ಹೇಳಿದರು. ರಹಮತ್ ಬಿ, "ಚೌಕಟ್ಟು ಬಿಚ್ಚಿ ಗೋಡೆಗೆ ಒರಗಿಸಿ ಹೋಗವ್ರೆ, ನೋಡಿದ್ರಾ?" ಅಂದರು. ಸಾಬರು ನೋಡಿದ್ದರು. ಹಿಂದಿನ ಕೋಣೆ ಬರಿದಾಗಿತ್ತು. ಅಕ್ಕ ಇಲ್ಲದ ಮನೆ ಹೇಗಿರುತ್ತದೆಂಬುದೇ ಅವರಿಗೆ ಮರೆತುಹೋಗಿತ್ತು. ಅಕ್ಕ ಇಲ್ಲದ ಅಂಗಡಿ ಬರೀ ಬಟ್ಟೆಯ ಗಂಟು. ಹೋಗಿ ಕರೆಯಬೇಕೆಂದು ಎದೆ ಹೇಳಿತು. ಮೊದಲು ಸರಕು ಮುಟ್ಟಿಸಿ ಬಾ, ಶಹಬಾಸ್ ಅನ್ನಿಸಿಕೋ, ಆಮೇಲೆ ತಲೆಯೆತ್ತಿಕೊಂಡು ಪಾವಗಡಕ್ಕೆ ಹೋಗು ಅಂತ ವ್ಯಾಪಾರಿಯ ಬುದ್ಧಿ ಹೇಳಿತು. ಎದೆ ಯಾವತ್ತು ಗೆದ್ದಿದೆ?

ಮಧುಗಿರಿಯಲ್ಲಿ ಸಾಬರು ನಿಶಾನಿಯನ್ನು ಜಗಲಿಯ ಮೇಲೆ ಬಿಚ್ಚಿ ಹಾಸಿ, ಶಹಬಾಸ್‌ಗಾಗಿ ಕೈಕಟ್ಟಿ ನಿಂತರು. ಫಾದರ್ ಟೋಪಿ ನೋಡಿ ಮುಗುಳ್ನಕ್ಕರು. ಗೊಂಡೆ ಮುಟ್ಟಿ ನೋಡಿದರು. ಮಣೆಯ ಮೇಲೆ ಕೈಯಿಟ್ಟು ಕಣ್ಣು ಒದ್ದೆ ಮಾಡಿಕೊಂಡರು. ಆಮೇಲೆ ಹಕ್ಕಿಯ ಹತ್ತಿರ ಬಂದು ಕನ್ನಡಕ ಒರೆಸಿ ಹಾಕಿಕೊಂಡರು.

"ಸಾಬರೇ, ಇದು ಏನು?"

"ಕೋಳಿ ಸ್ವಾಮಿ. ಒಳ್ಳೆ ನಾಟಿ ಕೋಳಿ. ನೀವು ಬರೆದಾಗ ಕತ್ತು ಸ್ವಲ್ಪ ಹಿಂದಕ್ಕೆ ಹೋಗಿತ್ತು, ನಾವೇ ನೆಟ್ಟಗೆ ಮಾಡಿದೀವಿ. ಅದಕ್ಕೇನೂ ಕೊಡಬೇಡಿ."

ಅಡಿಗೆ ಗಂಗಯ್ಯ ಬಾಗಿಲಿಂದ ಇಣುಕಿ, "ಸಾರು ಮಾಡ್ಬೋದು, ಹಂಗೈತೆ," ಅಂದ.

ಫಾದರ್ ಮೆಲ್ಲಗೆ ಬೆಂಚಿನ ಮೇಲೆ ಕೂತರು. ಬೈಯಲಿಲ್ಲ. ಅವರು ಬೈದಿದ್ದರೆ ಸಾಬರು ಬದುಕಿಕೊಳ್ಳುತ್ತಿದ್ದರು. ಬದಲಿಗೆ, ಅಂದು ಹೇಳದೆ ಉಳಿದಿದ್ದನ್ನು ಹೇಳಿದರು.

"ಕತ್ತು ಹಿಂದಕ್ಕೆ ತಿರುಗಿದ್ದು ನನ್ನ ಕೈ ನಡುಗಿ ಅಲ್ಲ ಸಾಬರೇ. ಅಕಾನ್ ಜನರ ಹಕ್ಕಿ ಹಂಗೇ ಇರೋದು. ಕಾಲು ಮುಂದಕ್ಕೆ ನಡೀತಾ ಇರುತ್ತೆ, ಕತ್ತು ಹಿಂದಕ್ಕೆ ತಿರುಗಿ ಬೆನ್ನ ಮೇಲಿರೋ ಮೊಟ್ಟೆ ಎತ್ಕೊಳ್ತಾ ಇರುತ್ತೆ. ಏನಾದ್ರೂ ಮರೆತು ಬಂದಿದ್ರೆ ವಾಪಸ್ ಹೋಗಿ ತಗೊಂಡು ಬರೋದರಲ್ಲಿ ಅವಮಾನ ಇಲ್ಲ ಅಂತ ಅದರ ಅರ್ಥ. ನಾವು ಬಿಳಿಯರು ಅಲ್ಲಿಗೆ ಹೋದಾಗ ಅವರ ಡೋಲು, ಹಾಡು, ಮಣೆ ಎಲ್ಲಾನೂ ಬಿಟ್ಟು ಬನ್ನಿ ಅಂದಿದ್ವಿ. ನಾನೂ ಅಂದಿದ್ದೆ. ಈ ಹುಡುಗ ಬಿಷಪ್ ಆದ ಮೇಲೆ ಎಲ್ಲಾನೂ ಚರ್ಚಿನೊಳಗೆ ವಾಪಸ್ ತಂದ. ಅದಕ್ಕೇ ಈ ಹಕ್ಕಿ ಆರಿಸಿಕೊಂಡ."

ಒಬ್ಬ ಮನುಷ್ಯ ತಾನು ಯಾರು ಅಂತ ಬರೆದುಕೊಂಡಿದ್ದ. ಅದನ್ನು ಇವರು ಅಳಿಸಿ ಕೋಳಿ ಬರೆದಿದ್ದರು, ಅದೂ ಪುಕ್ಕಟೆಯಾಗಿ.

"ಇರಲಿ ಬುಡಿ," ಅಂದರು ಫಾದರ್. "ಬಿಷಪ್ ನಾಡಿದ್ದು ಸಂಜೆ ಬರ್ತಾರೆ. ಇನ್ನೇನು ಮಾಡೋಕಾಗುತ್ತೆ? ಕೋಳಿನೇ ತೂಗಾಕೋಣ. ಅದೂ ದೇವರ ಸೃಷ್ಟಿಯೇ."

ಸಾಬರು ನಿಶಾನಿಯನ್ನು ಸುರುಳಿ ಸುತ್ತಿ ಕಂಕುಳಲ್ಲಿಟ್ಟುಕೊಂಡರು. ಶಿರಾ ಬಸ್ಸು ನಿಂತಿತ್ತು. ಅದನ್ನು ದಾಟಿಹೋಗಿ ಪಾವಗಡದ ಬಸ್ಸು ಹತ್ತಿದರು.

ಪಕ್ಕದ ಸೀಟಿನಲ್ಲಿ ಮಿಡಿಗೇಶಿಗೆ ಹೋಗುವ ಪಾಪಕ್ಕ ಎಂಬ ಹೆಂಗಸು, ಅವಳ ತೊಡೆಯ ಮೇಲೆ ಬುಟ್ಟಿ, ಬುಟ್ಟಿಯಲ್ಲಿ ಜೀವಂತ ಕೋಳಿ. ಬಸ್ಸು ಹೊರಟ ಕೂಡಲೇ ಕೋಳಿ ಕತ್ತು ಪೂರಾ ಹಿಂದಕ್ಕೆ ತಿರುಗಿಸಿ ಬೆನ್ನಿನ ಪುಕ್ಕಕ್ಕೆ ಕೊಕ್ಕು ಹಾಕಿತು.

ಸಾಬರು ತಡೆಯಲಾರದೆ, "ಯಮ್ಮಾ, ಇದಕ್ಕೆ ಕಾಯಿಲೆಯಾ?" ಅಂದರು.

"ನಿಮ್ಮ ಬಾಯಿಗೆ ಮಣ್ಣಾಕ! ನನ್ನ ಕೋಳಿಗ್ಯಾಕೆ ಕಾಯಿಲೆ? ಬೆನ್ನು ಕೆರ್ಕಂತೈತೆ. ಕೋಳಿ ನೋಡಿಲ್ವಾ ಹುಟ್ಟಿದ್ ಮೇಲೆ?"

ಸಾಬರು ಮಿಡಿಗೇಶಿಯವರೆಗೂ ಕಿಟಕಿಯ ಆಚೆ ನೋಡುತ್ತ ಕೂತರು. ಆಚೆ ಬಂಡೆಗಳಿದ್ದವು. ಬಂಡೆಗಳು ಪ್ರಶ್ನೆ ಕೇಳುವುದಿಲ್ಲ.

ಪಾವಗಡದಲ್ಲಿ ಮಗಳು ಜೈನಾಬಿಯ ಮನೆಯ ಜಗಲಿಯ ಮೇಲೆ ಅಮೀರ್ ಬಿ ಕಡಲೆಕಾಯಿ ಸುಲಿಯುತ್ತ ಕೂತಿದ್ದರು, ಜೊತೆಗೆ ಪಕ್ಕದ ಮನೆಯ ರಾಮಾಂಜಿನಮ್ಮ. ತಮ್ಮನನ್ನು ನೋಡಿ ಅಮೀರ್ ಬಿ ಕೈ ನಿಲ್ಲಿಸಲಿಲ್ಲ.

"ಸಲಾಂ ಆಪಾ. ಚೆನ್ನಾಗಿದೀಯ? ಇಳಿದು ಹೋಗಿದೀಯಲ್ಲ. ಇಲ್ಲಿ ನೀರು ಸರಿಯಿಲ್ಲ, ನಿನಗೆ ಒಗ್ಗಲ್ಲ."

ರಾಮಾಂಜಿನಮ್ಮ ತೆಲುಗು ಬೆರೆಸಿದ ಕನ್ನಡದಲ್ಲಿ ಸಿಟ್ಟಾದಳು. "ಏಮಯ್ಯಾ, ಮಾ ಪಾವಗಡ ನೀರಿಗೆ ಏನಾಗೈತೆ? ಕುಡಿದು ನಾವು ಬದುಕಿಲ್ವಾ?"

ಒಂದು ದಾರಿ ಮುಚ್ಚಿತು. ಸಾಬರು ಇನ್ನೊಂದು ತೆರೆದರು. "ರಹಮತ್ ಊಟ ಬಿಟ್ಟವಳೆ ಆಪಾ, ನಿನ್ನದೇ ಯೋಚನೆ."

"ಅವಳು ಯಾಕೆ ಯೋಚನೆ ಮಾಡ್ತಾಳೆ? ಆ ಕೆಲಸಕ್ಕೆ ಮನೇಲಿ ನೀನಿದ್ದೀಯಲ್ಲ," ಅಂದರು ಅಮೀರ್ ಬಿ. ಸಿಪ್ಪೆಯನ್ನು ಮೊರದಿಂದ ಆಚೆ ತೂರಿ, ತಮ್ಮನ ಕಂಕುಳ ಕಡೆ ಕಣ್ಣು ಹಾಯಿಸಿದರು. "ಅದೇನದು ಸುರುಳಿ? ನಿಜ ಹೇಳು ಹಬೀಬ್. ಬಂದಿದ್ದು ನನ್ನನ್ನ ಕರೆಯೋಕೋ, ಇದಕ್ಕೋ?"

ನಿನ್ನನ್ನ ಕರೆಯೋಕೆ ಎಂಬ ಮಾತು ನಾಲಿಗೆಯ ತುದಿಯಲ್ಲಿ ಸಿದ್ಧವಾಗಿತ್ತು. ಒಳ್ಳೆಯ ಮಾತು, ಗಿರಾಕಿಗಾದರೆ ಅದನ್ನೇ ಮಾರುತ್ತಿದ್ದರು. ಎದುರಿಗೆ ಇದ್ದದ್ದು ತಮ್ಮ ಮೂಗು ಒರೆಸಿ ಬೆಳೆಸಿದವಳು.

"ಇದಕ್ಕೆ ಆಪಾ," ಅಂದರು ಸಾಬರು. "ಇದಿಲ್ದೆ ಹೋಗಿದ್ರೆ ಬರೋಕೆ ನನಗೆ ಮುಖ ಇರ್ಲಿಲ್ಲ."

ಅಮೀರ್ ಬಿಯ ಕೈ ನಿಂತಿತು. "ಪರವಾಗಿಲ್ಲ. ಬಾಯಲ್ಲಿ ಒಂದಾದ್ರೂ ನೆಟ್ಟಗಿರೋ ಮಾತು ಬಂತು. ಕೂತ್ಕೋ."

ಸಾಬರು ಎಲ್ಲ ಹೇಳಿದರು. ಅಮೀರ್ ಬಿ ಮಧ್ಯದಲ್ಲಿ ಬಾಯಿ ಹಾಕದೆ ಕೊನೆಯವರೆಗೂ ಕೇಳಿದರು.

"ಹಾಗಾದ್ರೆ ನಿನಗೆ ಮೊದಲೇ ಗೊತ್ತಿತ್ತಾ ಆಪಾ?"

"ನನಗೇನೋ ಗೊತ್ತು? ನಾನೂ ಕಾಯಿಲೆ ಕೋಳಿ ಅಂತಲೇ ಅಂದ್ಕೊಂಡಿದ್ದೆ. ಆದ್ರೆ ಅವರ ಕೋಳಿ, ಅವರ ಕಾಯಿಲೆ. ನಮಗ್ಯಾಕೆ ವೈದ್ಯ?"

ರಾಮಾಂಜಿನಮ್ಮ ನಕ್ಕ ನಗೆಗೆ ಜೈನಾಬಿ ಒಲೆ ಬಿಟ್ಟು ಹೊರಗೆ ಬಂದಳು.

"ಹಕ್ಕಿ ಸರಿ ಮಾಡ್ಕೊಡ್ತೀನಿ," ಅಂದರು ಅಮೀರ್ ಬಿ. "ನಾನು ವಾಪಸ್ ಬರೋದು ಬೇರೆ ಮಾತು. ಇದನ್ನೂ ಅದನ್ನೂ ಒಂದೇ ಗಂಟಲ್ಲಿ ಕಟ್ಟಬೇಡ. ತಗೋ ಕತ್ತರಿ, ಕೋಳಿ ಕತ್ತು ಬಿಚ್ಚು."

"ನಾನಾ?"

"ನೆಟ್ಟಗೆ ಮಾಡಿದ್ದು ಯಾರು?"

ಹೀಗೆ ಪಾವಗಡದ ಜಗಲಿಯ ಮೇಲೆ, ಹೋಗುವವರು ಬರುವವರೆಲ್ಲ ನೋಡುತ್ತಿದ್ದಂತೆ, ಶಿರಾದ ಹೆಸರಾಂತ ವ್ಯಾಪಾರಿ ಕೋಳಿಯ ಕತ್ತಿನ ದಾರ ಕೀಳುತ್ತ ಕೂತರು. ಸಂಜೆಯ ಹೊತ್ತಿಗೆ ಬೆರಳಿನ ತುದಿಯೆಲ್ಲ ಚುಚ್ಚಿಹೋಗಿತ್ತು. ಒಂದೊಂದು ಹೊಲಿಗೆ ಎಷ್ಟು ಸಣ್ಣದು, ಎಷ್ಟು ಒತ್ತು ಎಂಬುದು ಅವರಿಗೆ ಗೊತ್ತಾದದ್ದು ಅಂದೇ. ಅಷ್ಟು ವರ್ಷ ಮಾರಿದ್ದರು, ಹತ್ತಿರದಿಂದ ನೋಡಿರಲಿಲ್ಲ. ಮಾರನೆಯ ಬೆಳಿಗ್ಗೆ ಅಮೀರ್ ಬಿ ಹೊಸಿಲ ಬೆಳಕಿಗೆ ಕೂತು ಹಕ್ಕಿಯ ಕತ್ತನ್ನು ಹಿಂದಕ್ಕೆ ತಿರುಗಿಸಿ, ಮೊಟ್ಟೆಯನ್ನು ಬೆನ್ನಿಗೆ ಹಾಕಿದರು. ಆದರೆ ನೆಟ್ಟಗಿದ್ದ ಕತ್ತಿನ ಜಾಗದಲ್ಲಿ ಸೂಜಿ ತೂತುಗಳು ಹಾಗೇ ಉಳಿದವು. ಬಾಗಿಲ ಬೆಳಕಿಗೆ ಹಿಡಿದರೆ ಹಕ್ಕಿಯ ಮುಂದೆ ಇನ್ನೊಂದು ಕೋಳಿಯ ನೆರಳು, ಜುಟ್ಟಿನ ಸಮೇತ.

"ಇದಕ್ಕೆ ನನ್ನ ಹತ್ರ ಮದ್ದಿಲ್ಲ," ಅಂದರು ಅಮೀರ್ ಬಿ. "ಒಡೆಯರು ಏನಂತಾರೋ ಕೇಳಬೇಕು. ನಾನೂ ಬರ್ತೀನಿ ಮಧುಗಿರಿಗೆ. ನೀನು ಅಲ್ಲಿ ಇನ್ನೇನು ಹೇಳ್ತೀಯೋ, ನಂಬೋಕಾಗಲ್ಲ." ಟ್ರಂಕನ್ನೂ ತೆಗೆದುಕೊಂಡರು. ಸಾಬರ ಎದೆ ಅರಳಿತು. ಅಕ್ಕ ಅದನ್ನು ನೋಡಿ, "ಮದುವೆ ಮುಂಜೀಲಿ ಉಡೋ ಸೀರೆ ಇದರಲ್ಲೈತೆ ಕಣೋ. ದೊಡ್ಡೋರ ಮುಂದೆ ಹಳೇದುಟ್ಟು ನಿಲ್ಲಲಾ? ಅಷ್ಟಕ್ಕೇ ಹಿಗ್ಗಬೇಡ," ಅಂದರು.

ಬಿಷಪ್ ಬರುವ ಸಂಜೆ ಮಂದಿರದ ಮುಂದೆ ಅರ್ಧ ಮಧುಗಿರಿಯೇ ನೆರೆದಿತ್ತು. ಕಾರಿನಿಂದ ಇಳಿದವರು ಎತ್ತರದ ಕಪ್ಪು ಆಳು, ಬಿಳಿ ನಿಲುವಂಗಿ. ಗಂಗಯ್ಯ ಕೈಯಲ್ಲಿದ್ದ ಹಾರ ಹಾಕುವುದನ್ನೇ ಮರೆತು, "ಬಿಷಪ್ ಅಂದ್ರೆ ಬಿಳೀ ದೊರೆ ಅಂದ್ಕಂಡಿದ್ದೆ, ನಮ್ ಪಕ್ಕದ್ಮನೆ ಕದಿರಯ್ಯ ಇದ್ದಂಗವ್ರಲ್ಲಪ್ಪಾ!" ಎಂದು ಸಂತೋಷಪಟ್ಟ. ಬಿಷಪ್ ಮುದುಕ ಗುರುವಿನ ಮುಂದೆ ಮಂಡಿಯೂರಿದರು. ಎಬ್ಬಿಸಿದ ಮೇಲೆ ಬಾಗಿಲಲ್ಲಿ ತೂಗುತ್ತಿದ್ದ ನಿಶಾನಿ ಕಂಡು ಅದರ ಹತ್ತಿರ ಹೋದರು. ಮಂದಿರದ ಹಿಂಬದಿಯ ಕಿಟಕಿಯಿಂದ ಇಳಿಬಿಸಿಲು ಬಟ್ಟೆಯ ಮೂಲಕ ಬರುತ್ತಿತ್ತು. ತೂತುಗಳು ಚುಕ್ಕಿಗಳ ಹಾಗೆ ಹೊಳೆದವು. ಬಿಷಪ್ ಅವುಗಳ ಮೇಲೆ ಬೆರಳು ಎಳೆದು ಏನೋ ಕೇಳಿದರು.

"ಇದು ಯಾವ ಗುರುತು ಅಂತ ಕೇಳ್ತಾರೆ," ಎಂದು ಫಾದರ್ ಸಾಬರ ಕಡೆ ತಿರುಗಿದರು.

ಸಾಬರ ಹತ್ತಿರ ಉತ್ತರ ತಯಾರಿತ್ತು, ಒಂದಲ್ಲ ಮೂರು. ಇದು ನಮ್ಮ ಕಡೆಯ ಕಸೂತಿ ಪದ್ಧತಿ. ಇದು ಗಾಳಿಯಾಡಲು. ಇದು ದೃಷ್ಟಿ ಬೊಟ್ಟು. ಮೂರನೆಯದು ತಮಗೇ ಬಹಳ ಹಿಡಿಸಿತು. ಬೆನ್ನ ಹಿಂದೆ ಅಕ್ಕ ನಿಂತಿದ್ದರು. ಈ ಮಾತಿನ ಮೇಲೆ ಅವರ ಟ್ರಂಕು ಯಾವ ಬಸ್ಸು ಹತ್ತುತ್ತದೆ ಎಂಬುದು ನಿಂತಿದೆ ಅಂತ ಸಾಬರಿಗೆ ಚೆನ್ನಾಗಿ ಗೊತ್ತಿತ್ತು.

"ಅದು ನನ್ನ ಬುದ್ಧಿವಂತಿಕೆ ಅಂತ ಹೇಳಿ ಸ್ವಾಮಿ," ಅಂದರು. "ಅವರ ಹಕ್ಕಿಗೆ ಕಾಯಿಲೆ ಅಂದ್ಕೊಂಡು ಕತ್ತು ನೆಟ್ಟಗೆ ಮಾಡ್ಸಿದ್ದೆ. ಅಕ್ಕ ಬೇಡ ಅಂದ್ರು, ನಾನು ಕೇಳಲಿಲ್ಲ. ಬಿಚ್ಚಿದ ಮೇಲೆ ಉಳಿದ ತೂತು ಅದು."

ಫಾದರ್ ಒಂದೂ ಬಿಡದೆ, ಕೊಕ್ಕರೆ ರೋಗದ ಸಮೇತ, ಹೇಳಿದರು. ಬಿಷಪ್ ನಕ್ಕರು. ಹೆಂಚಿನ ಮೇಲಿದ್ದ ಪಾರಿವಾಳಗಳು ಹಾರಿಹೋಗುವ ಹಾಗೆ ನಕ್ಕರು. ಕಣ್ಣೊರೆಸಿಕೊಂಡು ಅವರು ಅಂದದ್ದನ್ನು ಫಾದರ್ ಕನ್ನಡಕ್ಕೆ ತಂದರು: "ಕಾಡಲ್ಲಿ ದಾರಿ ಕಡಿಯುತ್ತ ಮುಂದೆ ಹೋಗೋನಿಗೆ ಹಿಂದೆ ಅದು ಸೊಟ್ಟಗಿದೆ ಅಂತ ಗೊತ್ತಾಗಲ್ಲ ಅಂತ ಅವರ ಊರಲ್ಲಿ ಹಿರಿಯರು ಹೇಳ್ತಾರಂತೆ. ತೂತು ಇರಲಿ, ಮುಚ್ಚಬೇಡಿ ಅಂತಾರೆ. ಹೊಲಿದವರನ್ನ ನೋಡಬೇಕಂತೆ."

ಅಮೀರ್ ಬಿ ಸೆರಗು ಎಳೆದುಕೊಂಡು ಮುಂದೆ ಬಂದರು. ಬಿಷಪ್ಪರಿಗೆ ತಮ್ಮ ಊರಿನ ದೊಡ್ಡ ಚರ್ಚಿಗೆ ಇಂಥದೇ ಇನ್ನೊಂದು ಬೇಕಾಗಿತ್ತು. ಅಮೀರ್ ಬಿ ಫಾದರ್ ಮೂಲಕ ಕೇಳಲು ಶುರುಮಾಡಿದರು. ಹಕ್ಕಿ ಎಡಕ್ಕೆ ತಿರುಗಬೇಕಾ, ಬಲಕ್ಕಾ? ಮೊಟ್ಟೆ ಕೊಕ್ಕಿನಲ್ಲಿರಬೇಕಾ, ಬೆನ್ನ ಮೇಲಾ? ಮಣೆ ನೆಟ್ಟಗೋ, ಒರಗಿಸಿದ್ದೋ? ಅಲ್ಲಿ ಸತ್ತವರ ಮನೆಯ ಬಣ್ಣ ಯಾವುದು, ತಪ್ಪಿ ಅದು ಬರಬಾರದಲ್ಲ? ಬಿಷಪ್ ಮೆಟ್ಟಿಲ ಮೇಲೆ ಕೂತೇಬಿಟ್ಟರು, ಕೈ ಆಡಿಸಿ ಒಂದೊಂದಕ್ಕೂ ಉತ್ತರ ಹೇಳಿದರು. ಸಾಬರು ಬಟ್ಟೆಯ ಒಂದು ತುದಿ ಹಿಡಿದು ಚಪ್ಪರದ ಕಂಬದ ಹಾಗೆ ನಿಂತಿದ್ದರು. ಈ ಪ್ರಶ್ನೆಗಳಲ್ಲಿ ಒಂದಾದರೂ ತಮಗೆ ಹೊಳೆದಿರಲಿಲ್ಲವಲ್ಲ ಎಂದು ನಿಂತಲ್ಲೇ ಬೆವರಿದರು.

ಮಾರನೆಯ ಬೆಳಿಗ್ಗೆ ಮಧುಗಿರಿ ಬಸ್ ನಿಲ್ದಾಣದಲ್ಲಿ ಎರಡು ಬಸ್ಸು ನಿಂತಿದ್ದವು, ಒಂದು ಶಿರಾಕ್ಕೆ, ಒಂದು ಪಾವಗಡಕ್ಕೆ. ಅಮೀರ್ ಬಿ ಟ್ರಂಕನ್ನು ಪಾವಗಡದ ಬಸ್ಸಿನ ಮೆಟ್ಟಿಲ ಹತ್ತಿರ ಇಳಿಸಿದರು.

"ಆಪಾ," ಅಂದರು ಸಾಬರು.

"ಬರ್ತೀನಿ," ಅಂದರು ಅಕ್ಕ. "ಆದ್ರೆ ಚೌಕಟ್ಟು ಹಿಂದಿನ ಕೋಣೇಲಿ ಹಾಕಲ್ಲ. ಮುಂದೆ, ಅಂಗಡೀಲಿ ಹಾಕ್ತೀನಿ."

"ಮುಂದೆ ಅಂದ್ರೆ... ಎಷ್ಟು ಮುಂದೆ?"

"ಗಿರಾಕಿ ಮುಖ ಕಾಣೋಷ್ಟು ಮುಂದೆ. ಅವರು ಏನು ಕೇಳ್ತಾರೋ ನಾನೇ ಕೇಳಿಸ್ಕೋಬೇಕು. ಪರದೆ ದಾಟಿ ಬರೋಷ್ಟರಲ್ಲಿ ಎಲ್ಲಾ ಕೋಳಿಯಾಗಿರುತ್ತೆ."

"ಪೇಟೆಯವರು ನಗ್ತಾರೆ ಆಪಾ."

"ಅವರಿಗೆ ನಗೋಕೆ ನೀನು ಇದ್ದೇ ಇದ್ದೀಯ."

ಪಾವಗಡದ ಬಸ್ಸು ಹಾರನ್ ಹೊಡೆಯಿತು. ಅಮೀರ್ ಬಿ ಮೆಟ್ಟಿಲಿಗೆ ಕಾಲಿಟ್ಟರು. "ಸರಿ, ವಾರದಲ್ಲಿ ಮೂರು ದಿನ ಮುಂದೆ," ಅಂದರು ಸಾಬರು, ಹುಟ್ಟುಗುಣ. ಅಮೀರ್ ಬಿ ಎರಡನೆಯ ಮೆಟ್ಟಿಲು ಹತ್ತಿದರು. ಕಂಡಕ್ಟರ್ ಟ್ರಂಕಿಗೆ ಕೈಹಾಕಿದ. ಸಾಬರು ಅವನ ಕೈಯಿಂದ ಟ್ರಂಕು ಕಿತ್ತುಕೊಂಡು ತಲೆಯ ಮೇಲಿಟ್ಟುಕೊಂಡು, "ವಾರಪೂರ್ತಿ, ಶುಕ್ರವಾರವೂ!" ಎಂದು ಕೂಗುತ್ತ ಶಿರಾ ಬಸ್ಸಿನ ಕಡೆ ಓಡಿದರು.

ಪೇಟೆ ನಕ್ಕಿತು, ಸ್ವಲ್ಪ ದಿನ. ಆಮೇಲೆ ತೋವಿನಕೆರೆಯಿಂದ ಸತ್ತಿಗೆಗೆ ಬಂದವರೂ, ದರ್ಗಾದ ಮುಜಾವರರೂ ಅಂಗಡಿ ಹತ್ತಿದ ಕೂಡಲೇ ನೇರ ಚೌಕಟ್ಟಿನ ಮುಂದೆ ಹೋಗಿ ಕೂರತೊಡಗಿದರು. ವ್ಯಾಪಾರ ಹೇಗಿದೆ ಸಾಬರೇ ಎಂದು ಯಾರಾದರೂ ಕೇಳಿದರೆ ಹಬೀಬ್ ಸಾಬರು ಗಂಭೀರವಾಗಿ ಹೇಳುತ್ತಿದ್ದರು: "ನನ್ನ ಕೆಲಸ ಈಗ ಮೂರೇ ಕಣಪ್ಪ. ಬಟ್ಟೆ ಅಳೆಯೋದು, ಟೀ ತರಿಸೋದು, ಆಪಾ ಕೇಳೋವರೆಗೂ ಬಾಯಿ ಮುಚ್ಕೊಂಡಿರೋದು. ಮೊದಲಿನ ಎರಡು ಬರುತ್ತೆ. ಮೂರನೇದು ಕಲೀತಾ ಇದೀನಿ."